ಕೈ ಕಟ್ಟಿ ಕೂರುವ ಕೆಲಸ

ಹುಡುಗಿ ಪರದೇಶಕ್ಕೆ ಹೊರಟಾಗ ಅವಳ ಚಿಕ್ಕಪ್ಪ ಎಲ್ಲರೆದುರಿಗೇ ಅಂದಿದ್ದರು: "ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನೋದು ಕೇಳಿದ್ದೆ. ಇವಳು ಊರನ್ನೂ ದಾಟಿಬಿಟ್ಟಳು."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಗಾದೆಯ ಮೊದಲರ್ಧ ಶುದ್ಧ ಸುಳ್ಳೆಂದು ಚಿಕ್ಕಪ್ಪನಿಗೂ ಗೊತ್ತಿತ್ತು. ಅಜ್ಜಿ ಹಾಸಿಗೆ ಹಿಡಿದಾಗ ಕಾಲೇಜಿನಿಂದ ಓಡಿಬಂದು ತುತ್ತು ಕಲಸಿ ಉಣ್ಣಿಸಿದವಳು, ತಲೆ ಬಾಚಿದವಳು, ಮಗ್ಗುಲು ಬದಲಿಸಿದವಳು ಇವಳೇ. ಅಜ್ಜಿಗೆ ಒಂದು ಲೋಟ ಎತ್ತುವ ಕಷ್ಟವನ್ನೂ ಆ ಮನೆಯವರು ಕೊಟ್ಟಿರಲಿಲ್ಲ. ನೋಡಲು ಬಂದ ನೆಂಟರು "ಮೊಮ್ಮಗಳಂದ್ರೆ ಹೀಗಿರಬೇಕು" ಎಂದು ಹೊಗಳಿ ಹೋಗುತ್ತಿದ್ದರು. ಹೊಗಳಿಕೆ ಯಾರಿಗೆ ಕಹಿ? ಡಿಗ್ರಿ ಮುಗಿದು, ಊಟ ವಸತಿ ಕೊಟ್ಟು ಒಂದು ವರ್ಷ ಸ್ವಯಂಸೇವಕರನ್ನು ಇಟ್ಟುಕೊಳ್ಳುವ ಪರದೇಶದ ಸಂಸ್ಥೆಯೊಂದರ ವಿಷಯ ತಿಳಿದಾಗ, ವಯಸ್ಸಾದವರ ಆರೈಕೆಯ ಕೆಲಸವೇ ಬೇಕೆಂದು ಅವಳು ಕೇಳಿ ಪಡೆದಳು. ಲೋಕ ನೋಡಿದಂತೆಯೂ ಆಯಿತು, ತನಗೆ ಬರುವ ಕೆಲಸವನ್ನೇ ಮಾಡಿದಂತೆಯೂ ಆಯಿತು ಎಂಬ ಲೆಕ್ಕಾಚಾರ.

ಅವಳು ಬಂದು ಸೇರಿದ್ದು ಬಸ್ ಡಿಪೋ ಹಿಂದಿನ ಬೀದಿಯ ಮೂರು ಮಹಡಿ ಕಟ್ಟಡಕ್ಕೆ. ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಿಂದ ಹೊರಬಂದವರು ಮನೆಗೆ ಹೋಗುವ ಮುಂಚೆ ಕೆಲವು ವಾರ ಅಲ್ಲಿರುತ್ತಿದ್ದರು. ಚಮಚ ಹಿಡಿಯುವುದು, ಮುಖ ತೊಳೆಯುವುದು, ಅಂಗಿ ತೊಡುವುದು, ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಕಾರಿಡಾರಿನ ಗೋಡೆಯುದ್ದಕ್ಕೂ ಹಿಡಿದು ನಡೆಯಲು ಮರದ ಕಂಬಿ. ಸಾವಿರ ಅಂಗೈಗಳು ಸವೆಸಿ ಅದಕ್ಕೆ ಹೊಳಪು ಬಂದಿತ್ತು.

ಮೊದಲ ದಿನವೇ ಹೆಡ್ ನರ್ಸ್ ಅವಳನ್ನು ಕೂರಿಸಿಕೊಂಡು ಹೇಳಿದರು. ಅಲ್ಲಿಯ ಭಾಷೆ ಇನ್ನೂ ಅರೆಬರೆ ಬರುತ್ತಿದ್ದ ಹುಡುಗಿಗಾಗಿ ನಿಧಾನವಾಗಿಯೇ ಹೇಳಿದರು. "ಇಲ್ಲಿ ನಿನ್ನ ಕೆಲಸ ಕೈ ಕಟ್ಟಿ ಕೂರೋದು. ಅವರು ಬಟ್ಟೆ ಹಾಕ್ಕೊಳ್ಳೋವಾಗ ಪಕ್ಕದಲ್ಲಿರು. ಬೀಳೋ ಹಾಗಾದ್ರೆ ಹಿಡ್ಕೋ. ಉಳಿದ ಹಾಗೆ ಮುಟ್ಟಬೇಡ. ಎಷ್ಟೇ ಹೊತ್ತಾಗಲಿ."

ಹುಡುಗಿ ತಲೆಯಾಡಿಸಿದಳು. ಮನಸ್ಸಿನಲ್ಲಿ ಮಾತ್ರ, ಮೈಗಳ್ಳರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೆಲ್ಲಿ ಸಿಕ್ಕೀತು ಅಂದುಕೊಂಡಳು.

ಅವಳ ಪಾಲಿಗೆ ಬಂದವರು ಜೀವಮಾನವೆಲ್ಲ ಸಿಟಿ ಬಸ್ ಓಡಿಸಿದ ಒಬ್ಬರು ಮುದುಕರು. ಅವಳು ಅವರನ್ನು ತಾತ ಎಂದು ಕರೆದಳು. ಅವರೂ ಆ ಪದವನ್ನು ಒಂದೆರಡು ಸಲ ಬಾಯಲ್ಲಿ ಹೊರಳಿಸಿ ನೋಡಿ ಒಪ್ಪಿಕೊಂಡರು. ಬಲಗಾಲು ಹೇಗೋ ದಾರಿಗೆ ಬಂದಿತ್ತು. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಅಂಗಡಿಯೊಂದರ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವರೂ ಅವರ ಅಕ್ಕನೂ ಇದ್ದರು. ಅಕ್ಕನ ಬೆನ್ನು ಬಾಗಿತ್ತು, ತಮ್ಮನನ್ನು ಎತ್ತಿ ಇಳಿಸಿ ಉಡಿಸುವ ಶಕ್ತಿ ಇರಲಿಲ್ಲ. ತಾತ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲರೆಂದು ಅಲ್ಲಿಯ ಥೆರಪಿಸ್ಟ್ ಪರೀಕ್ಷೆ ಮಾಡಿ ಹೇಳಿದರೆ ಮನೆಗೆ. ಇಲ್ಲವಾದರೆ ಅವರು ಕಾಯಂ ಆಗಿ ವೃದ್ಧಾಶ್ರಮಕ್ಕೆ, ಅಕ್ಕ ದೂರದ ಊರಿನ ಮಗಳ ಮನೆಗೆ.

"ಜಗಳ ಆಡ್ಕೊಂಡೇ ಇಷ್ಟು ವರ್ಷ ಒಟ್ಟಿಗಿದ್ದೀವಿ," ಎಂದರು ತಾತ ಒಮ್ಮೆ. "ಈಗ ಇಬ್ಬರೂ ಬೇರೆ ಬೇರೆ ಕಡೆ ಹೋದ್ರೆ ಜಗಳಕ್ಕೆ ನಾನು ಯಾರನ್ನ ಹುಡುಕಲಿ?"

ಬೆಳಗಿನ ಹೊತ್ತು ತಾತ ಮಂಚದ ಅಂಚಿನಲ್ಲಿ ಕೂತು ಅಂಗಿಯೊಡನೆ ಗುದ್ದಾಡುವುದನ್ನು ಹುಡುಗಿ ಕೆಲವು ದಿನ ನೋಡಿದಳು. ತೋಳು ತೂರಿಸಲು ಹೋದರೆ ಕಾಲರಿಗೆ ಕೈ, ಗುಂಡಿ ಹಿಡಿದರೆ ಕಾಜ ಜಾರುವುದು, ಕಾಜ ಹಿಡಿದರೆ ಗುಂಡಿ. ಹಣೆಯಲ್ಲಿ ಬೆವರು. ಒಂದು ಬೆಳಿಗ್ಗೆ ಅವಳು ತಡೆಯಲಾರದೆ ಬಾಗಿಲು ಮುಚ್ಚಿ, ಅವರ ಎರಡೂ ತೋಳನ್ನು ಅಂಗಿಗೆ ತೂರಿಸಿ, ಗುಂಡಿಗಳನ್ನು ಪಟಪಟನೆ ಹಾಕಿ, ಕಾಲರ್ ಸರಿಮಾಡಿಬಿಟ್ಟಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ತಾತ ಮದುಮಗನ ಹಾಗೆ ತಯಾರು.

"ನರ್ಸ್ ನೋಡಿದ್ರೆ?" ಎಂದರು ತಾತ.

"ನೋಡಿದ್ರೆ ತಾನೇ?"

ಅಂದಿನಿಂದ ಅದೇ ಪದ್ಧತಿಯಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಕೆಲಸ. ಇಲ್ಲಿ ಬೆಕ್ಕುಗಳು ಎರಡು. ನೀಟಾಗಿ ಉಟ್ಟು ತಿಂಡಿಗೆ ಬರುವ ತಾತನನ್ನು ಕಂಡು ಥೆರಪಿಸ್ಟ್ ಹಿಗ್ಗಿದಳು. ತಾತನೂ ಹಿಗ್ಗಿದರು. ಮನಸ್ಸು ಮಾಡಿದರೆ ಇದು ನನಗೂ ಬರುತ್ತೆ, ಇವತ್ತಿಗೆ ಬೇಡ ಅಷ್ಟೇ ಎಂದು ಅವರು ನಿಜವಾಗಿಯೂ ನಂಬಿದ್ದರು. ಹುಡುಗಿಗೋ, ಅಜ್ಜಿ ಹೋದ ಮೇಲೆ ಖಾಲಿಯಾಗಿದ್ದ ಕೈಗಳಿಗೆ ಮತ್ತೆ ಒಂದು ಜೀವ ಸಿಕ್ಕ ಸಮಾಧಾನ. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅಮ್ಮ, "ಎಲ್ಲಿ ಹೋದರೂ ನಮ್ಮ ಮನೆ ಹೆಸರು ಉಳಿಸ್ತೀಯ ಬಿಡು" ಎಂದರು. ಆ ದಿನ ಪೂರ್ತಿ ಅವಳ ಕಾಲು ನೆಲದ ಮೇಲಿರಲಿಲ್ಲ.

ಪರೀಕ್ಷೆಯ ದಿನ ಅಕ್ಕನೂ ಬಂದಿದ್ದರು. ತಾತ ಕಂಬಿ ಹಿಡಿಯದೆ ನಡೆದರು. ಎಡಗೈಯಿಂದ ಕೆಟಲ್ ಎತ್ತಿ ಚಹಾ ಮಾಡಿ, ಮೊದಲ ಕಪ್ಪನ್ನು ಅಕ್ಕನಿಗೆ ಕೊಟ್ಟರು. ಅಕ್ಕ "ಸಕ್ಕರೆ ಕಮ್ಮಿ" ಎಂದು ಮೂಗು ಮುರಿದರು. ಅವರ ಕಣ್ಣು ಮಾತ್ರ ತುಂಬಿತ್ತು. ಕೊನೆಗೆ ಥೆರಪಿಸ್ಟ್ ಮಂಚದ ಮೇಲೆ ಅಂಗಿಯಿಟ್ಟು, "ಇದೊಂದು ಹಾಕ್ಕೊಂಡು ತೋರಿಸಿ, ಮುಗೀತು" ಎಂದಳು.

ತಾತ ಮಂಚದ ಅಂಚಿನಲ್ಲಿ ಕೂತರು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿದರು. ಚಾಚಿ, ಹಾಗೇ ಕಾದರು.

ಅಂಗಿ ಅವರ ಪಕ್ಕದಲ್ಲೇ ಬಿದ್ದಿತ್ತು. ಅವರು ಅದನ್ನು ನೋಡಲೂ ಇಲ್ಲ. ಸ್ನಾನ ಮಾಡಿಸಿ ನಿಲ್ಲಿಸಿದ ಮಗು ಅಮ್ಮನನ್ನು ಕಾಯುವ ಹಾಗೆ, ಬಾಗಿಲ ಬಳಿ ನಿಂತ ಹುಡುಗಿಯನ್ನು ನೋಡುತ್ತ ಕೂತಿದ್ದರು. ಹೆಡ್ ನರ್ಸ್ ಹುಡುಗಿಯ ಕಡೆ ತಿರುಗಿದರು. ಥೆರಪಿಸ್ಟ್ ತಿರುಗಿದಳು. ಎಲ್ಲರ ನೋಟ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದ ಅಕ್ಕ ಒಬ್ಬರೇ, "ಹಾಕ್ಕೊಳ್ಳೋ, ಏನು ಕಾಯ್ತಿದ್ದೀಯ?" ಎಂದರು. ಆಗ ತಾತನಿಗೆ ತಮ್ಮ ಚಾಚಿದ ಕೈಗಳು ಕಂಡವು. ಅಂಗಿಗೆ ಕೈ ಹಾಕಿದರು. ಹತ್ತಾರು ಸಲ ಹೆಣಗಿದರೂ ತೋಳು ಕೂಡ ದಾಟಲಿಲ್ಲ. ಬಂದ ಹೊಸತರಲ್ಲಿ ಅಷ್ಟಾದರೂ ಬರುತ್ತಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇನ್ನೊಂದು ಅವಕಾಶವಿತ್ತು, ತಿಂಗಳ ಕೊನೆಗೆ, ಅದೇ ಕಡೆಯದು. ಅಕ್ಕ ಬೆನ್ನು ಬಗ್ಗಿಸಿಕೊಂಡು ಒಬ್ಬರೇ ಮೆಟ್ಟಿಲಿಳಿದು ಹೋದರು.

ಆ ಸಂಜೆ ಹುಡುಗಿ ಅಮ್ಮನಿಗೆ ಫೋನ್ ಮಾಡಿದಳು. ಕುಶಲ ಕೇಳಿದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ ಕೇಳಿದಳು. "ಅಮ್ಮ, ಅಜ್ಜಿ ತಾವೇ ಊಟ ಮಾಡೋದು ಯಾವಾಗ ನಿಲ್ಲಿಸಿದ್ರು?"

ಅಮ್ಮ ಸ್ವಲ್ಪ ಯೋಚಿಸಿದರು. "ಮೊದಮೊದಲು ಚೆಲ್ಲಿಕೊಂಡಾದ್ರೂ ಮಾಡ್ತಿದ್ರಲ್ಲೇ. ನೀನು ತಿನ್ನಿಸೋಕೆ ಶುರು ಮಾಡಿದ್ಮೇಲೆ ಕೈ ಎತ್ತಲೇ ಇಲ್ಲ. ಯಾಕೆ ಕೇಳ್ತಿದ್ದೀಯ?"

"ಸುಮ್ನೆ ಅಮ್ಮ," ಎಂದಳು. ಫೋನಿಟ್ಟ ಮೇಲೆ ಬಹಳ ಹೊತ್ತು ಅತ್ತಳು. ಅಮ್ಮ ಅದನ್ನು ಹೊಗಳಿಕೆಯ ದನಿಯಲ್ಲೇ ಹೇಳಿದ್ದರು, ಅದೇ ಅವಳಿಗೆ ಹೆಚ್ಚು ನೋವಾದದ್ದು.

ಮರುದಿನ ಅವಳು ಹೆಡ್ ನರ್ಸ್ ಬಳಿ ಹೋಗಿ ತನ್ನನ್ನು ಅಡುಗೆಮನೆಗೋ ಬಟ್ಟೆ ಒಗೆಯುವ ಕಡೆಗೋ ಹಾಕಿ ಎಂದು ಕೇಳಿದಳು. ನರ್ಸ್ ಒಪ್ಪಲಿಲ್ಲ. "ಕೆಡಿಸಿದ್ದು ನೀನು, ರಿಪೇರಿಗೆ ಬೇರೆಯವರು ಬರಬೇಕಾ? ಹೋಗಿ ಕೂತ್ಕೋ."

ಎರಡು ದಿನ ತಾತ ಅವಳಿಗೆ ಬೆನ್ನು ಮಾಡಿಯೇ ಅಂಗಿಯೊಡನೆ ಗುದ್ದಾಡಿದರು. ಮೂರನೆಯ ದಿನ ಅಂಗಿ ಹಿಡಿದು ಕೂತವರು, "ಹಾಗೆ ಸಾವಿನ ಮನೇಲಿ ಕೂತ ಹಾಗೆ ಕೂರಬೇಡ," ಎಂದರು. "ಬಸ್ಸು ಲೇಟಾದ್ರೆ ಜನ ನನ್ನ ಬೈತಿದ್ರು. ನೀನೂ ಬೈ. ನಿನ್ನ ಭಾಷೇಲೇ ಬೈ, ನನಗೆ ಗೊತ್ತಾಗಲ್ಲ."

ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಳು. ಆಮೇಲೆ ಶುರುಮಾಡಿದಳು. "ಏನು ತಾತ, ಗುಂಡಿಗೆ ಮುಹೂರ್ತ ನೋಡ್ತಿದ್ದೀರಾ? ಬಸ್ ಓಡಿಸ್ತಿದ್ರೋ ಎತ್ತಿನ ಗಾಡೀನೋ? ಸೂರ್ಯ ನೆತ್ತಿಗೆ ಬಂದ, ನಿಮ್ಮ ತೋಳು ಇನ್ನೂ ಡಿಪೋ ಬಿಟ್ಟಿಲ್ಲ." ಚಿಕ್ಕಪ್ಪನಿಂದ ಕಲಿತ ಬೈಗುಳವೆಲ್ಲ ಹೊರಗೆ ಬಂತು. ಅರ್ಥವಾಗದ ತಾತ ಗಂಭೀರವಾಗಿ ತಲೆಯಾಡಿಸುತ್ತ ತೋಳು ತೂರಿಸುತ್ತಿದ್ದರು. ಅಂಗಿ ನೆಲಕ್ಕೆ ಬೀಳುವುದು, ಅವರೇ ಬಗ್ಗಿ ಎತ್ತುವುದು, ಮತ್ತೆ ಮೊದಲಿನಿಂದ. ತಿಂಡಿ ಆರಿ ತಣ್ಣಗಾಗುತ್ತಿತ್ತು. ಇಬ್ಬರೂ ಅದನ್ನೇ ತಿನ್ನುತ್ತಿದ್ದರು. ಕೆಲವು ಬೆಳಿಗ್ಗೆ ಅವರು ಸೋತು ಅಳುತ್ತಿದ್ದರು. ಆಗ ಅವಳಿಗೆ ಬೈಯಲೂ ಆಗುತ್ತಿರಲಿಲ್ಲ, ಎದ್ದು ಹೋಗಲೂ ಆಗುತ್ತಿರಲಿಲ್ಲ. ಹೊರೆ ಹೊರುವ ಕೆಲಸವಾದರೂ ಇದಕ್ಕಿಂತ ಹಗುರ ಅನ್ನಿಸುತ್ತಿತ್ತು.

ತಿಂಗಳ ಕೊನೆಗೆ ತಾತ ಅಂಗಿ ತೊಟ್ಟರು. ಥೆರಪಿಸ್ಟಿಗೆ ಎರಡು ಸಲ ಆಕಳಿಕೆ ಬರುವಷ್ಟು ಹೊತ್ತು ಹಿಡಿಯಿತು, ಆದರೂ ತೊಟ್ಟರು. ಒಂದು ಗುಂಡಿ ತಪ್ಪಿ, ಕೆಳಗಿನವೆಲ್ಲ ಒಂದೊಂದು ಕಾಜ ಮೇಲೇರಿ, ಅಂಗಿ ಒಂದು ಕಡೆ ಜೋತಾಡುತ್ತಿತ್ತು. "ಆಯ್ತು, ಮನೆಗೆ ಹೋಗಿ," ಎಂದಳು ಥೆರಪಿಸ್ಟ್.

ಅದೇ ಅಂಗಿಯಲ್ಲೇ ಅವರು ಹೊರಟರು. ಹುಡುಗಿ ಚೀಲ ಹಿಡಿದು ಬಾಗಿಲವರೆಗೆ ಬಂದಳು. ಟ್ಯಾಕ್ಸಿಯ ಬಳಿ ಕಾಯುತ್ತಿದ್ದ ಅಕ್ಕ ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಇದೇನೋ ಅವತಾರ" ಎನ್ನುತ್ತ ಗುಂಡಿ ಬಿಚ್ಚಿ ಸರಿಮಾಡಲು ಕೈ ಚಾಚಿದರು. ಆ ಕೈ ಅಂಗಿ ಮುಟ್ಟುವ ಮೊದಲೇ ಹುಡುಗಿ ಅದನ್ನು ಹಿಡಿದುಕೊಂಡಳು.

"ಬೇಡಿ ದೊಡ್ಡಮ್ಮ," ಎಂದಳು. "ಅವರೇ ಸರಿಮಾಡ್ಕೊಳ್ತಾರೆ."

ಅಕ್ಕ ಕೈ ಕೊಡವಿಕೊಂಡರು. "ಇದು ಸೇವೆ ಮಾಡೋಕೆ ಬಂದ ಹುಡುಗಿನಾ? ಕಲ್ಲು ಮನಸ್ಸು ಇದರದ್ದು," ಎಂದು ತಮ್ಮನಿಗೆ ಜೋರಾಗಿಯೇ ಹೇಳಿದರು. ತಾತನಿಗೆ ಕೇಳಿಸಿತೋ ಇಲ್ಲವೋ. ಅವರು ಟ್ಯಾಕ್ಸಿಯ ಬಾಗಿಲು ಹಿಡಿದು ಕಾಲು ಒಳಗೆ ತೂರಿಸುವ ಕೆಲಸದಲ್ಲಿ ಮುಳುಗಿದ್ದರು. ಅಂಥ ಮಾತನ್ನು ಹುಡುಗಿಗೆ ಜೀವಮಾನದಲ್ಲಿ ಯಾರೂ ಆಡಿರಲಿಲ್ಲ. ಅವಳ ಮುಖ ಕೆಂಪಾಯಿತು. ಹೇಳಬೇಕಾದ ಉತ್ತರ ಅಷ್ಟೂ ಬಾಯಿಗೆ ಬಂತು. ಅವಳು ಅದನ್ನು ನುಂಗಿ, ತಾತ ಪೂರ್ತಿ ಒಳಗೆ ಕೂತಾಗುವ ತನಕ ತಮ್ಮನ ಕಾಲು ಎತ್ತಿಡಲು ಮುಂದಾದ ಅಕ್ಕನ ಕೈಯನ್ನು ಮತ್ತೊಮ್ಮೆ ಹಿಡಿದು ನಿಂತಳು.