ಜೊತೆಗೆ ಬಂದವನು

ಬಿದಿರಿಗೆ ಸುತ್ತಿದ ಹಗ್ಗವನ್ನು ಭೀಮು ಕಾಲಿನಿಂದ ಒತ್ತಿ ಹಿಡಿದು ಜಗ್ಗಿದ. ಗಂಟು ನಿಲ್ಲಲಿಲ್ಲ. ಬಿಚ್ಚಿ ಮತ್ತೆ ಸುತ್ತಿದ. ದುಡಿಯಲು ವಲಸೆ ಬಂದವರೇ ತುಂಬಿದ್ದ ಕೋಪರಖೈರಣೆಯ ಆ ಓಣಿಯಲ್ಲಿ ಚಟ್ಟ ಕಟ್ಟಬಲ್ಲವರು ಬೇರೆಯೂ ಇದ್ದರು, ಅವನು ಯಾರ ಕೈಗೂ ಕೊಡಲಿಲ್ಲ. ಒಳಗೆ ನೆಲದ ಮೇಲೆ ಮಲಗಿದ್ದ ಯಂಕಪ್ಪನೂ ಅವನೂ ಮಹಾಪೆಯ ಒಂದೇ ಗೋದಾಮಿನಲ್ಲಿ ವರ್ಷಗಟ್ಟಲೆ ಮೂಟೆ ಹೊತ್ತವರು.

"ಬೇಗ ಮಾಡಿ ಮಾರಾಯ್ರೆ, ಸ್ಮಶಾನದಲ್ಲಿ ನಮ್ಮ ನಂಬರ್ ಹೋಗ್ತದೆ," ಎಂದ ಪಕ್ಕದ ಮನೆಯ ರಿಕ್ಷಾ ಚಾಲಕ ಲತೀಶ್. ಅವನಿಗೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. "ನಿನ್ನೆ ಬೆಳಿಗ್ಗೆ ಯಂಕಪ್ಪ ಎದೆ ಉರೀತದೆ ಅಂದ. ರಿಕ್ಷಾದಲ್ಲಿ ಕೂತ್ಕೊ, ತೋರಿಸಿ ಬರುವ ಅಂದೆ. ಗ್ಯಾಸ್ ಅಂತ ಹೇಳಿ ಸೋಡಾ ಕುಡಿದು ಕೆಲಸಕ್ಕೆ ಹೋದ."

"ಅಂವಾ ಯಾರ ಮಾತು ಕೇಳ್ಯಾನ?" ಭೀಮು ತಲೆ ಎತ್ತದೆ ಹೇಳಿದ.

*

ಓಣಿಯಲ್ಲಿ ಯಾರಿಗೆ ಜ್ವರ ಬಂದರೂ, ಯಾರಿಗೆ ಹೆರಿಗೆ ನೋವು ಶುರುವಾದರೂ ಸರಕಾರಿ ದವಾಖಾನೆಗೆ ಜೊತೆಗೆ ಹೋಗುತ್ತಿದ್ದವನು ಯಂಕಪ್ಪ. ಕೇಸ್ ಪೇಪರ್ ಎಲ್ಲಿ ಮಾಡಿಸಬೇಕು, ರಕ್ತ ಎಲ್ಲಿ ಕೊಡಬೇಕು, ಯಾವ ಡಾಕ್ಟರು ಸಿಡುಕು, ಎಲ್ಲ ಅವನಿಗೆ ಗೊತ್ತು. ಬಾಗಿಲ ಕಾವಲುಗಾರ ಅವನನ್ನು ಕಂಡರೆ ಇವತ್ತು ಯಾರನ್ನು ಕರೆತಂದೆ ಎಂದು ನಗುತ್ತಿದ್ದ: "ಆಜ್ ಕಿಸಕೋ ಲಾಯಾ?"

ಹೆಂಡತಿ ಮರಗಮ್ಮನ ಮೊಣಕಾಲು ತೋರಿಸಲು ಹೋದ ದಿನ, ಡಾಕ್ಟರಮ್ಮ ಅವನ ಬೆವತ ಮುಖವನ್ನೇ ನೋಡಿ, ಅವನಿಗೂ ಕೂರಲು ಸ್ಟೂಲು ತೋರಿಸಿದರು. "ಆಪ್ ಭೀ ಬೈಠೋ."

"ಪೇಷಂಟ್ ಮೈ ನಹೀ, ಸಾಥ್ ಮೇ ಆಯಾ," ರೋಗಿ ತಾನಲ್ಲ, ಜೊತೆಗೆ ಬಂದವನು ಎಂದು ಅವನು ಹಿಂದೆ ಸರಿದ.

ಮರಗಮ್ಮ ಅಂಗಿ ಹಿಡಿದು ಕೂರಿಸಿದಳು. ಡಾಕ್ಟರಮ್ಮ ಬಿಪಿ ನೋಡಿದರು, ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ನೋಡಿದರು. ಮಾತ್ರೆ ಬರೆದು, ನಾಳೆಯೇ ಇಸಿಜಿ ಮಾಡಿಸಿಕೊಳ್ಳಿ ಎಂದರು.

"ಮಾತ್ರಿ ಚಾಲೂ ಮಾಡಿದ್ರ ಮುಗೀತು, ಸಾಯೂತನಕ ನುಂಗಬೇಕು," ಎಂದ ಯಂಕಪ್ಪ, ಹೊರಗೆ ಬಂದು. "ಮೂಟಿ ಹೊರಾವಗ ಎಲ್ಲಿ ಬಿಪಿ? ದಾನೇಶ್ವರಿ ಪರೀಕ್ಷಾ ಮುಗೀಲಿ, ಬರೂಣು. ನಿನ್ನಾಣಿ."

ಮಗಳ ಪರೀಕ್ಷೆ ಮುಗಿಯಿತು. ಮಳೆಗಾಲ ಬಂತು, ಗೋದಾಮಿನಲ್ಲಿ ಓವರ್‌ಟೈಮ್ ಶುರುವಾಯಿತು. ದೀಪಾವಳಿ ಆಗಲಿ ಎಂದ. ಆ ನಡುವೆಯೂ ಓಣಿಯವರ ಜೊತೆ ದವಾಖಾನೆಗೆ ಹೋಗುವುದನ್ನು ಮಾತ್ರ ಅವನು ಒಮ್ಮೆಯೂ ತಪ್ಪಿಸಲಿಲ್ಲ.

*

ಗುಲಾಲು, ಹೂ ಎರಚಿದ ಚಟ್ಟ ಮೇಲೆದ್ದಿತು. ಮುಂದಿನ ಎಡಗಡೆ ಭೀಮುವಿನ ಹೆಗಲು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವನ ಕುತ್ತಿಗೆಯಿಂದ ಬೆವರು ಇಳಿಯತೊಡಗಿತು. ಬಿಡುವಿದ್ದ ಕೈ ಎದೆಯನ್ನು ಒತ್ತಿಕೊಂಡಿತು.

ಬಾಗಿಲಲ್ಲಿ ಅಳುತ್ತಿದ್ದ ಮರಗಮ್ಮ ಥಟ್ಟನೆ ನಿಲ್ಲಿಸಿದಳು. "ಭೀಮು, ಏನಾಗ್ಯದ?"

"ಏನಿಲ್ಲ ವೈನಿ. ರಾತ್ರಿ ನಿದ್ದಿ ಇಲ್ಲ ನೋಡ್ರಿ."

"ಎದಿ ಯಾಕ ಹಿಡ್ಕೊಂಡಿ?"

"ಜರಾ ಬಿಗದಂಗ ಆಗ್ಯದ. ಗ್ಯಾಸ್ ಇರಬೇಕು..."

ಅವಳು ಹೆಂಗಸರನ್ನು ಸರಿಸಿ ಓಣಿಗೆ ಇಳಿದಳು. "ಇಳಸ್ರಿ. ಚಟ್ಟ ಕೆಳಗ ಇಳಸ್ರಿ."

"ಎತ್ತಿದ್ದು ಇಳಸಬಾರದಬೇ, ಅಪಶಕುನ," ಎಂದ ಊರಿನಿಂದ ಬಂದಿದ್ದ ಹಿರಿಯನೊಬ್ಬ.

"ಇದಕ್ಕಿಂತ ಅಪಶಕುನ ಇನ್ನೇನೈತಿ?"

ಭೀಮುವಿನ ಕಣ್ಣು ತುಂಬಿತ್ತು. "ಅವನ್ನ ಮುಟ್ಟಿಸಿ ಬಂದು ದವಾಖಾನಿಗೆ ಹೋಗ್ತೀನಿ ವೈನಿ. ಆಣಿ ಮಾಡ್ತೀನಿ."

"ಅವ್ರೂ ಆಣಿ ಮಾಡಿದ್ರು," ಎಂದು ಅವಳು ಅವನ ಕಾಲರ್ ಹಿಡಿದಳು. "ಲತೀಶಣ್ಣಾ, ರಿಕ್ಷಾ ತಗೀರಿ."

ದಾನೇಶ್ವರಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಬಿದಿರಿಗೆ ತಾನೇ ಹೆಗಲು ಕೊಡಲು ಮುಂದೆ ಬಂದಳು. "ಚಾಚಾ, ಛೋಡೋ. ಮೈ ಪಕಡತೀ ಹೂ." ಹಿರಿಯ ಅವಳ ಮುಖ ನೋಡಿ ದಾರಿ ಬಿಟ್ಟ. ಭೀಮುವಿನ ಹೆಗಲ ಕೆಳಗಿನಿಂದ ಬಿದಿರು ಅವಳ ಹೆಗಲಿಗೆ ಸರಿಯಿತು.

ಯಂಕಪ್ಪ ಒಂದು ದಿಕ್ಕಿಗೆ ಹೋದ. ರಿಕ್ಷಾ ಇನ್ನೊಂದು ದಿಕ್ಕಿಗೆ ಓಡಿತು.

*

ಇಸಿಜಿಯ ಕಾಗದವನ್ನು ನೋಡುತ್ತಲೇ ಡಾಕ್ಟರು ನರ್ಸನ್ನು ಕೂಗಿದರು. ಇಂಜೆಕ್ಷನ್ ಬಂತು, ಮೂಗಿಗೆ ಆಮ್ಲಜನಕದ ನಳಿಗೆ ಬಂತು. "ಟೈಮ್ ಪೇ ಲಾಯೇ," ಸರಿಯಾದ ಹೊತ್ತಿಗೆ ತಂದಿರಿ ಎಂದರು ಲತೀಶನಿಗೆ.

ಲತೀಶನ ಫೋನು ಗುಂಯ್‌ಗುಟ್ಟಿತು. ಕೇಳಿಸಿಕೊಂಡು, ಮಂಚದ ಬಳಿ ಬಗ್ಗಿ ಹೇಳಿದ: "ಬೆಂಕಿ ಕೊಟ್ರಂತೆ. ಮಗಳೇ ಕೊಟ್ಟದ್ದಂತೆ."

ಭೀಮು ತಂತಿಗಳ ಸಮೇತ ಎದ್ದು ಕೂರಲು ನೋಡಿದ. ನರ್ಸ್ ಅವನ ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಮಲಗಿಸಿದಳು. ಕೈ ತೆಗೆದಾಗ ಅವಳ ಬಿಳಿಯ ಕೈಗವಸಿನ ತುಂಬ ಚಟ್ಟದಿಂದ ಉದುರಿದ್ದ ಗುಲಾಲು ಅಂಟಿತ್ತು.