ಕನ್ನಡಕದ ಡಬ್ಬಿ

ಬಸಲಿಂಗಪ್ಪನವರು ಗದಿಗೆಪ್ಪನ ಜುಬ್ಬದ ಗುಂಡಿ ಬಿಚ್ಚಿ ಕೊರಳಲ್ಲಿ ಬೆರಳಾಡಿಸಿದರು, ಎದೆ ತಡವಿ ನೋಡಿದರು, ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡರು.

“ಲಿಂಗ ಇಲ್ಲಲ್ಲ ತಂಗಿ?”

ಶಿವಬಸವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು. ಫ್ಯೂನರಲ್ ಹೋಮಿನವರು ಅವನ ಬೈತಲೆಯನ್ನು ಎಡಕ್ಕೆ ತೆಗೆದಿದ್ದರು. ಅವನದು ಬಲ ಬೈತಲೆ. ಅವನು ಹೋಗಿ ನಾಲ್ಕು ದಿನವಾಗಿತ್ತು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ.

ಪರದೇಶದ ಈ ಅಲೆನ್ ಊರಿನ ಲಿಂಗಾಯತ ಮನೆಗಳಲ್ಲಿ ಸಾವಾದರೆ ಮುಂದೆ ನಿಂತು ಎಲ್ಲ ಮಾಡಿಸುವವರು ಗದಗಿನ ಬಸಲಿಂಗಪ್ಪನವರೇ. ಊರಿನಲ್ಲಾದರೆ ಹೆಣವನ್ನು ಕೂರಿಸಿ ಮಣ್ಣು ಮಾಡುತ್ತಿದ್ದರು. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಲೇಬೇಕು, ಅದಕ್ಕೆ ಅವರು ಎಂದೋ ಒಪ್ಪಿಕೊಂಡಿದ್ದರು. ಆದರೆ ಸತ್ತವನ ಎಡ ಅಂಗೈಯಲ್ಲಿ ಅವನದೇ ಲಿಂಗ ಇರಬೇಕು, ಅದೊಂದನ್ನು ಬಿಟ್ಟುಕೊಟ್ಟವರಲ್ಲ. ಎರಡು ಗಂಟೆಗೆ ಪೆಟ್ಟಿಗೆ ಮುಚ್ಚುವುದಿತ್ತು. ಆಗಲೇ ಒಂದೂವರೆ.

“ಆಸ್ಪತ್ರಿಯವರು ಕೊಟ್ಟ ಚೀಲದಾಗ ನೋಡೀರೇನು?”

“ವಾಚ್ ಅಂಡ್ ರಿಂಗ್, ಅಷ್ಟೇ ಅಂಕಲ್,” ಎಂದಳು ಮಗಳು ಪ್ರೇರಣಾ. “ದೇವರ ರೂಮಲ್ಲೂ ಇಲ್ಲ. ಐ ಚೆಕ್ಡ್ ಎವ್ರಿವೇರ್.”

ಬಸಲಿಂಗಪ್ಪನವರು ಜೇಬಿನಿಂದ ಒಂದು ಪುಟ್ಟ ಬಟ್ಟೆಯ ಗಂಟು ತೆಗೆದರು. “ಹೊಸಾದೊಂದು ನನ್ನ ಕಡೆ ಐತಿ. ಅದನ್ನ ಇಡೂಣು. ಏನ್ ಮಾಡಾಕ ಬರತೈತಿ?”

ಗದಿಗೆಪ್ಪ ಹುಟ್ಟಿದ ವಾರದಲ್ಲೇ ಕಟ್ಟಿದ ಲಿಂಗ ಅದು. ಅರವತ್ನಾಲ್ಕು ವರ್ಷ ಮೈಗೆ ಹತ್ತಿಕೊಂಡಿದ್ದದ್ದು. ಅದನ್ನು ಎಲ್ಲೋ ಬಿಟ್ಟು ಯಾರದೋ ಹೊಸದನ್ನು ಹಿಡಿದುಕೊಂಡು ಅವನು ಹೋಗುವುದೆಂದರೆ ಶಿವಬಸವ್ವಳಿಗೆ ಸಹಿಸಲಾಗಲಿಲ್ಲ.

“ತಡೀರಿ,” ಎಂದಳು. ಹಿಂದೆ ಕನ್ನಡ ಸಂಘದ ಜನ ಕುರ್ಚಿಗಳ ತುಂಬ ಕೂತಿದ್ದರು. ಗದಿಗೆಪ್ಪ ಚಳಿಗಾಲದಲ್ಲಿ ವಾರ ವಾರ ಹಕ್ಕಿ ನೋಡಲು ಹೋಗುತ್ತಾನೆಂದು ಅವರಿಗೆಲ್ಲ ಹೇಳಿಕೊಂಡು ಬಂದವಳು ಅವಳೇ. ಪಾಪ, ಅದನ್ನು ನಂಬಿ ಒಂದು ಯುಗಾದಿಗೆ ಎಲ್ಲರೂ ಸೇರಿ ಅವನಿಗೊಂದು ದುರ್ಬೀನು ಕೊಟ್ಟಿದ್ದರು.

“ಅವರು ಹಕ್ಕಿ ನೋಡಾಕ ಹೋಗತಿದ್ದಿಲ್ರಿ. ಹೊಡಿಯಾಕ ಹೋಗತಿದ್ರು. ಅದಕ್ಕ ಲಿಂಗ ತಗದಿಟ್ಟು ಹೋಗತಿದ್ರು. ಶನಿವಾರ ಬಂದವರು ಸ್ನಾನಕ್ಕ ಹೋಗಿ ಅಲ್ಲೇ ಬಿದ್ರು.”

ಬಸಲಿಂಗಪ್ಪನವರು ಬಟ್ಟೆಯ ಗಂಟನ್ನು ಜೇಬಿಗೆ ಹಾಕಿಕೊಂಡು ಕೇಳಿದರು, “ತಗದು ಎಲ್ಲಿ ಇಡತಿದ್ದ?”

“ಕೇಳಿಲ್ರಿ. ಒಂಬತ್ತು ವರ್ಷದಾಗ ಒಮ್ಮೆನೂ ಕೇಳಿಲ್ಲ.”

*

ಕೇಳದೆ ಇರುವಂತೆ ಮಾಡಿಕೊಂಡವಳೂ ಅವಳೇ. ಆಫೀಸಿನ ಗೆಳೆಯನೊಬ್ಬ ಗದಿಗೆಪ್ಪನಿಗೆ ಈ ಹುಚ್ಚು ಹಿಡಿಸಿದ್ದ. ಮೊದಲ ಸಲ ಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

“ಕೊಳ್ಳಾಗ ಲಿಂಗ ಕಟ್ಟಿಕೊಂಡು ಹಕ್ಕಿ ಕೊಲ್ಲಾಕ ಹೋಗಬ್ಯಾಡ್ರಿ.”

“ಇಲ್ಲ, ತಗದಿಟ್ಟು ಹೋಗತೀನಿ.”

“ಹೋಗೂದಾದ್ರೂ ಯಾಕ? ತಿನ್ನೂದಿಲ್ಲ, ಉಣ್ಣೂದಿಲ್ಲ.”

“ನಾಯಿ ಕೊಳ್ಳಾಗ ಗಂಟಿ ಕಟ್ಟಿರತಾರ. ಹಕ್ಕಿ ವಾಸನಿ ಸಿಕ್ಕ ಕೂಡ್ಲೆ ಅದು ಮುಂಗಾಲು ಎತ್ತಿ ಅಲ್ಲಾಡದ ನಿಲ್ಲತೈತಿ, ಗಂಟಿ ಸಪ್ಪಳ ನಿಲ್ಲತೈತಿ. ಆಗ ಜಗತ್ತೆಲ್ಲಾ ಸುಮ್ಮನಾಗತೈತಿ ನೋಡು. ಅದಕ್ಕ ಹೋಗತೀನಿ.”

ಅವಳಿಗೆ ತಿಳಿಯಲಿಲ್ಲ. ಮನೆಗೆ ಎರಡು ಬೇಟೆನಾಯಿ ಬಂದವು, ಅದನ್ನೂ ಸಹಿಸಿದಳು.

ಮೂರು ವರ್ಷದ ಹಿಂದೆ ಹಳೆಯ ಪಿಕಪ್ ಕೈಕೊಟ್ಟಾಗ ಹೊಸ ಗಾಡಿಯ ಹುಡುಕಾಟ ಸುರುವಾಯಿತು. ಮಗಳಿಗೆ ವರ ನೋಡಿದ್ದರೂ ಅವನು ಇಷ್ಟು ತಿರುಗುತ್ತಿರಲಿಲ್ಲ. ಪ್ಲೇನೋದ ಷೋರೂಮುಗಳು ಮುಗಿದವು, ಹ್ಯೂಸ್ಟನ್ ಮುಗಿಯಿತು, ಕೊನೆಗೆ ಆಸ್ಟಿನ್. ಜೇಬಿನಲ್ಲಿ ಅಳತೆಯ ಟೇಪು, ಜೊತೆಗೆ ಎರಡೂ ನಾಯಿ, ನಾಯಿಗಳ ನೀರಿನ ಬಟ್ಟಲು ಹಿಡಿದ ಶಿವಬಸವ್ವ. ನಾಯಿ ಹಾರಿ ಹತ್ತುವಷ್ಟು ಎತ್ತರವೋ ಎಂದು ಅಳೆಯುತ್ತಿದ್ದ. ನೆಲಕ್ಕೆ ನೀರು ಹೊಯ್ದು ತೊಳೆಯಬಹುದೋ, ಹೊಡೆದ ಹಕ್ಕಿಗೆ ಬೇರೆ ಖಾನೆ ಇದೆಯೋ ಎಂದು ವಿಚಾರಿಸುತ್ತಿದ್ದ. ಏಸಿಯ ಗಾಳಿ ಹಿಂದಿನವರೆಗೆ ಬರುತ್ತದೋ ಎಂದು ನಾಯಿಯ ಜಾಗದಲ್ಲಿ ತಾನೇ ಮಲಗಿ ನೋಡುತ್ತಿದ್ದ. ಸೇಲ್ಸಿನವರು ನಗು ತಡೆದುಕೊಂಡು ನಿಂತಿರುತ್ತಿದ್ದರು.

ಎಲ್ಲ ಸರಿಹೋದರೂ ಮುಗಿಯುತ್ತಿರಲಿಲ್ಲ. ಮುಂದಿನ ಸೀಟಿಗೆ ಬಂದು ಕೂತು, ಕನ್ನಡಿಯ ಮೇಲ್ಗಡೆಯ ಚಾವಣಿಯನ್ನು ಬೆರಳಿಂದ ಒತ್ತುತ್ತಿದ್ದ. ಏನೂ ತೆರೆಯದಿದ್ದರೆ ಮಾತಿಲ್ಲದೆ ಇಳಿದುಬಿಡುತ್ತಿದ್ದ. ಹಾಗೆ ನಾಲ್ಕು ಒಳ್ಳೆಯ ಗಾಡಿ ಬಿಟ್ಟ. ಆಸ್ಟಿನ್‌ನಲ್ಲಿ ಒತ್ತಿದ ಕೂಡಲೆ ಒಂದು ಪುಟ್ಟ ಡಬ್ಬಿ ಮೆಲ್ಲಗೆ ಕೆಳಗಿಳಿಯಿತು.

“ಏನ್ರಿ ಇದು?”

“ತಂಪು ಕನ್ನಡಕ ಇಡೂ ಡಬ್ಬಿ.”

“ಹುಟ್ಟಿದಾಗಿಂದ ಕನ್ನಡಕ ಹಾಕದವರಿಗೆ ಡಬ್ಬಿ ಯಾಕ್ರಿ?”

“ಇರಲಿ. ಮ್ಯಾಲ ಇರಬೇಕು,” ಎಂದ.

ಏನು ಮೇಲಿರಬೇಕು, ಯಾಕಿರಬೇಕು ಎಂದು ಅವಳು ಕೇಳಲಿಲ್ಲ. ಬಿಸಿಲಿಗೆ ಕಾಲು ಸೋತಿದ್ದವು, ಮನೆಗೆ ಹೋದರೆ ಸಾಕಾಗಿತ್ತು. ಆಮೇಲಿನ ಮೂರು ವರ್ಷ, ಬೇಟೆಯಿಂದ ಬಂದವನು ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಗ್ಯಾರೇಜಿಗೆ ಹೋಗಿ ಬಂದು ಊಟಕ್ಕೆ ಕೂಡುತ್ತಿದ್ದ. ನಾಯಿಗಳಿಗೆ ಅನ್ನ ಹಾಕಲು ಹೋಗುತ್ತಾನೆಂದು ಅವಳು ತಿಳಿದಿದ್ದಳು. ತನಗಿಂತ ಮೊದಲು ನಾಯಿಗಳ ಊಟವೇ ಎಂದು ಒಳಗೊಳಗೇ ಸಿಟ್ಟಾಗುತ್ತಿದ್ದಳು.

*

“ಪ್ರೇರಣಾ, ನಿಮ್ಮಪ್ಪನ ಗಾಡಿ ಕೀಲಿ ಕೊಡು.”

“ಅಮ್ಮಾ, ಇಟ್ಸ್ ಆಲ್ಮೋಸ್ಟ್ ಟೂ.”

“ಕೊಡು ಅಂದೆ.”

ಮನೆಯಲ್ಲಿ ಬಿಟ್ಟರೆ ಊಳಿಡುತ್ತವೆಂದು ಪ್ರೇರಣಾ ನಾಯಿಗಳನ್ನೂ ಆ ಗಾಡಿಯಲ್ಲೇ ತಂದಿದ್ದಳು. ಶನಿವಾರದ ಗಂಟೆಗಳನ್ನು ಅವುಗಳ ಕೊರಳಿಂದ ಯಾರೂ ಬಿಚ್ಚಿರಲಿಲ್ಲ. ಶಿವಬಸವ್ವ ಹೊರಗೆ ಬಂದು ಗಾಡಿಯ ಬಾಗಿಲು ತೆರೆದದ್ದೇ ತಡ, ಹಿಂದಿನ ಜಾಲರಿಯ ಆಚೆ ಎರಡೂ ಎದ್ದು ತಿರುಗಾಡತೊಡಗಿದವು. ಗಾಡಿಯ ತುಂಬ ಗಣಗಣ ಸದ್ದು. ಅವಳು ಗಂಡನ ಸೀಟಿನಲ್ಲಿ ಕೂತಳು. ನಾಯಿಯ ಕೂದಲು, ಹುಲ್ಲು, ಅವನ ಬೆವರು ಎಲ್ಲ ಕೂಡಿದ ವಾಸನೆ ಇತ್ತು. ಚಾವಣಿಯಲ್ಲಿ ಡಬ್ಬಿಯ ಅಂಚಿಗೆ ಬೆರಳಿನ ವಿಭೂತಿ ಹತ್ತಿ ಹತ್ತಿ ಬೆಳ್ಳಗಾಗಿತ್ತು. ಇಷ್ಟು ದಿನ ಪಕ್ಕದ ಸೀಟಿನಲ್ಲಿ ಕೂತು ಹೋದವಳು ಅದನ್ನು ಕಂಡಿರಲಿಲ್ಲ.

ಒತ್ತಿದಳು.

ಡಬ್ಬಿ ಮೆಲ್ಲಗೆ ಇಳಿಯಿತು. ಒಳಗೆ ಒಗೆದು ಮಡಿಸಿದ ಬಿಳಿ ಬಟ್ಟೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ, ದಾರ ಸುತ್ತಿಕೊಂಡು, ಕೂತಿತ್ತು. ನಾಯಿಗಳಿಗೂ ಹಕ್ಕಿಗಳಿಗೂ ನೆತ್ತರಿಗೂ ಮೇಲೆ, ಅವನ ತಲೆಗೂ ಮೇಲೆ.

ಅವಳು ಕೈ ಎತ್ತಿದಳು. ಮುಟ್ಟಲಾಗಲಿಲ್ಲ, ಕೈ ಹಾಗೇ ನಿಂತಿತು.

“ಅಮ್ಮಾ, ಸಿಕ್ತಾ?” ಫ್ಯೂನರಲ್ ಹೋಮಿನ ಬಾಗಿಲಲ್ಲಿ ನಿಂತು ಪ್ರೇರಣಾ ಕೂಗಿದಳು.

ಶಿವಬಸವ್ವ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದಳು. ಎರಡೂ ನಾಯಿಗಳು ಒಂದೊಂದು ಮುಂಗಾಲು ಎತ್ತಿ, ಮೂಗನ್ನು ಡಬ್ಬಿಯ ಕಡೆಗೆ ಚಾಚಿ, ಅಲ್ಲಾಡದೆ ನಿಂತಿದ್ದವು. ಗಂಟೆಯ ಸಪ್ಪಳ ನಿಂತಿತ್ತು.