ಐದನೆಯ ಪೆಟ್ಟಿಗೆ

"ಈ ಅರೇ ಅನ್ನೋನು ಯಾರು ಮಾರಾಯ್ತಿ?" ಎನ್ನುತ್ತ, ಮನೆಮನೆಗೆ ಆರ್ಡರು ತಲುಪಿಸುವ ಮಿನೋರ್ ಹೆಲ್ಮೆಟ್ಟನ್ನೂ ತೆಗೆಯದೆ ಅಡುಗೆಮನೆಗೆ ನುಗ್ಗಿದ. "ನಮ್ಮ ಈ ಟಾಕೀಸಿನ ಕೇರಿ ಪೂರ್ತಿ ಮನೆಮನೆ ಕೇಳ್ಕೊಂಡು ಬಂದೆ. ಒಬ್ಬಳು ಅಜ್ಜಿ, ಹಬ್ಬದ ದಿನಾನೂ ಕುಡಿದಿದೀಯಾ ಅಂತ ಬೈದ್ಲು!"

ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಯೆಂಡ್ರಿ ಅವನ ಕೈಲಿದ್ದ ಆರ್ಡರಿನ ಚೀಟಿ ಇಸಿದುಕೊಂಡಳು. ಹೆಸರು, ವಿಳಾಸ ಇರಬೇಕಾದ ಕಡೆ "ಅರೇ" ಎಂಬ ಒಂದೇ ಪದ. ಅವಳ ಕಿವಿ ಕೆಂಪಾಯಿತು. ಅದು ಮನುಷ್ಯನ ಹೆಸರಲ್ಲ, ಇಂಗ್ಲಿಷಿನ Array; ಮನೆ ಇರಬೇಕಾದಲ್ಲಿ ಇನ್ನೊಂದು ಪಟ್ಟಿ ಸಿಕ್ಕಾಗ ಸರ್ವರ್ ಉಗುಳುವ ಮಾತು. ಮಿನೋರನನ್ನು ದೂರುವಂತೆಯೂ ಇಲ್ಲ. ಹಡಗಿನ ಮೇಲೆ ಬರೆದ ಪದವನ್ನೂ ಮಕ್ಕಳಿಗೆ ಹೆಸರಾಗಿ ಇಡುವ ದೇಶ ನಮ್ಮದು, ಅರೇ ಅಂತ ಒಬ್ಬ ಇರಬಾರದೇ?

ಅಂದು ಡಿಸೆಂಬರ್ ಇಪ್ಪತ್ತನಾಲ್ಕು, ಬೆಳಗಿನ ಹನ್ನೊಂದು ಗಂಟೆ. ಪಾಲ್ಮಾರೆಸ್ ಊರಿನಲ್ಲಿ ಕ್ರಿಸ್‌ಮಸ್ಸಿನ ತಮಾಲ್, ಅಂದರೆ ಬಾಳೆಲೆಯಲ್ಲಿ ಕಟ್ಟುವ ಜೋಳದ ಕಡುಬು, ಬೇಯಿಸಲು ಪುರುಸೊತ್ತಿಲ್ಲದವರೆಲ್ಲ ಕೈಚಾಚುವುದು ಊರೇ ಗೌರವದಿಂದ ದೋನ್ಯಾ ಎನ್ನುವ ಫ್ಲೋರಿಯ ಕಡೆಗೇ. ಈ ವರ್ಷ ಅವಳ ಆರ್ಡರುಗಳಿಗೆ ವೆಬ್‌ಸೈಟ್ ಬರೆದುಕೊಟ್ಟವಳು ತಂಗಿಯ ಮಗಳು ಯೆಂಡ್ರಿ.

ಫ್ಲೋರಿ ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಚೀಟಿಯನ್ನು ಕಿತ್ತುಕೊಂಡಳು. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸೂಚನೆ ಇತ್ತು: ನಾಲ್ಕು ಜೋಡಿ. ಕ್ಯಾರೆಟ್ ಬೇಡ. ಅಮ್ಮ ಮಾಡುತ್ತಿದ್ದ ಹಾಗೆ.

ಅವಳು ಸ್ಟೂಲು ಎಳೆದು ಕೂತು ಮತ್ತೊಮ್ಮೆ ಓದಿದಳು. "ಎಲಾದಿಯೊ," ಎಂದಳು.

ಎಲಾದಿಯೊ ಅವಳ ತಮ್ಮ. ಅಮ್ಮನ ಮಣ್ಣಿನ ದಿನ ಶವಪೆಟ್ಟಿಗೆಯ ವಿಷಯಕ್ಕೆ ಜಗಳವಾಡಿ ಲಿಮೋನ್ ಬಂದರಿಗೆ ಹೋದವನು. ವಾಪಸ್ಸು ಬಂದಿದ್ದಾನೆಂಬ ಸುದ್ದಿಯಿತ್ತು, ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

"ಹನ್ನೊಂದು ವರ್ಷಕ್ಕೆ ಒಂದು ಮಾತಾಡಿದಾನೆ ಕಣೇ. ಇವತ್ತು ತಲುಪ್ಲಿಲ್ಲ ಅಂದ್ರೆ ನಾನೇ ಬೇಕಂತ ಕಳಿಸ್ಲಿಲ್ಲ ಅಂದ್ಕೊಳ್ತಾನೆ. ಆಮೇಲೆ ಈ ಜನ್ಮದಲ್ಲಿ ಕೇಳಲ್ಲ ಅವ್ನು. ಹುಡುಕಿಕೊಡು ಪುಟ್ಟಿ." ಹಾಗೆಂದವಳೇ ಎದ್ದು, ಬಾಳೆಲೆ ಹರವಿ, ಕ್ಯಾರೆಟ್ ಇಲ್ಲದ ಎಂಟು ತಮಾಲ್ ಕಟ್ಟತೊಡಗಿದಳು.

ಯೆಂಡ್ರಿಗೆ ಅಳು ಬರುವಂತಾಗಿತ್ತು. "ಇದು ಪೆಟ್ಟಿಗೆಯೊಳಗೆ ಪೆಟ್ಟಿಗೆ ಇದ್ದ ಹಾಗೆ, ದೊಡ್ಡಮ್ಮ. ಹೋಬಳಿ ತೆಗೆದ್ರೆ ಕೇರಿ, ಕೇರಿ ತೆಗೆದ್ರೆ ಗುರುತಿನ ಜಾಗ, ಅದನ್ನ ತೆಗೆದ್ರೆ ಮನೆ. ನಾಲ್ಕು ಸಲ ತೆಗಿ ಅಂತ ಕೋಡಲ್ಲಿ ಬರೆದುಬಿಟ್ಟಿದೀನಿ. ಮಾವಂದು ನೋಡಿದ್ರೆ ನಾಲ್ಕನೇದ್ರಲ್ಲೂ ಮನೆಯಿಲ್ಲ, ಇನ್ನೊಂದು ಪೆಟ್ಟಿಗೆ ಇದೆ."

"ನಾಲ್ಕೇ ಅಂತ ನಿಂಗ್ಯಾರು ಹೇಳಿದ್ರು?" ಮಿನೋರ್ ಗದರಿದ. "ನಮ್ಮೂರಲ್ಲಿ ದಾರಿ ಕೇಳಿಲ್ವಾ ನೀನು? ಮುಚ್ಚಿಹೋದ ಟಾಕೀಸಿಂದ ನೂರು ಮೀಟರ್ ಹೋಗು, ಅಲ್ಲಿ ಕೇಳು ಅಂತಾರೆ. ಅಲ್ಲಿದ್ದೋನು ಇನ್ನೊಂದು ಗುರುತು ಹೇಳ್ತಾನೆ. ಮನೆ ಸಿಗೋತನಕ ಕೇಳ್ತಾ ಹೋಗೋದಪ್ಪ. ಎಷ್ಟು ಸಲ ಕೇಳ್ಬೇಕು ಅಂತ ಮನೇಲೇ ಲೆಕ್ಕ ಹಾಕ್ಕೊಂಡು ಹೊರಡ್ತಾರಾ!"

ಯೆಂಡ್ರಿ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಒಂದೊಂದು ಪೆಟ್ಟಿಗೆ ತೆಗೆಯಲೆಂದು ಕೋಡಿನಲ್ಲಿ ಸಾಲಾಗಿ ಬರೆದಿದ್ದ ನಾಲ್ಕು ಚೌಕ ಆವರಣಗಳನ್ನು ಅಳಿಸಿದಳು. ಗಿರಾಕಿ ಆರಿಸಿದ ಗುರುತುಗಳನ್ನೇ ಪಟ್ಟಿ ಮಾಡಿ, ಒಂದೊಂದನ್ನೂ ಕೀಲಿಯಾಗಿ ಹಿಡಿದು ಒಳಗೆ ಹೋಗುವ, ಪಟ್ಟಿ ಮುಗಿಯುವತನಕ ಅದನ್ನೇ ಮತ್ತೆ ಮತ್ತೆ ಮಾಡಿ ನಿಲ್ಲುವ ಸಣ್ಣ ಲೂಪ್ ಬರೆದಳು. ಮೊದಲ ಸಲ ಪುಟ ಖಾಲಿ ಬಂತು. ಎರಡನೆಯ ಸಲವೂ ಖಾಲಿ. ಅರ್ಧವಿರಾಮವೊಂದನ್ನು ನುಂಗಿದ್ದಳು, ತಲೆ ಚಚ್ಚಿಕೊಂಡು ಸರಿಮಾಡಿದಳು. ಅಷ್ಟರಲ್ಲಿ ಎಂಟೂ ತಮಾಲ್ ಬೆಂದಿದ್ದವು.

"ಬಂತು!" ಎಂದು ಕೂಗಿ ಯೆಂಡ್ರಿ ಓದತೊಡಗಿದಳು. "ಪಾಲ್ಮಾರೆಸ್. ಟಾಕೀಸಿನ ಕೇರಿ. ಮುಚ್ಚಿದ ಟಾಕೀಸಿಂದ ದಕ್ಷಿಣಕ್ಕೆ ನೂರು ಮೀಟರ್. ಫ್ಲೋರಿಯ ಅಡುಗೆಮನೆ..." ಅವಳ ದನಿ ಸಣ್ಣದಾಯಿತು. "ದೊಡ್ಡಮ್ಮ, ನಾಲ್ಕನೇ ಪೆಟ್ಟಿಗೆ ನಿಮ್ಮನೇನೇ. ಅದರೊಳಗೆ ಮಾವ ಇದಾರೆ. ಅಲ್ಲಿಂದ ಪೂರ್ವಕ್ಕೆ ಎಂಟುನೂರು ಮೀಟರ್, ನೀಲಿ ಗೇಟು, ಎಲಾದಿಯೊ."

"ಎಂಟುನೂರಾ?" ಮಿನೋರ್ ಬಾಯಿ ಬಿಟ್ಟ. "ಅಷ್ಟರೊಳಗೆ ಶಾಲೆ ಬರತ್ತೆ, ಇಗರ್ಜಿ ಬರತ್ತೆ, ಫುಟ್ಬಾಲ್ ಮೈದಾನ ಬರತ್ತೆ. ಆ ನೀಲಿ ಗೇಟಿನ ಎದುರಿಗೇ ಔಷಧಿ ಅಂಗಡಿ ಇದೆ! ಅದೆಲ್ಲಾ ಬಿಟ್ಟು ಇಲ್ಲಿಂದ ಯಾಕೆ ಅಳೆದ ಪುಣ್ಯಾತ್ಮ?"

ಫ್ಲೋರಿ ಬಿಸಿ ತಮಾಲ್‌ಗಳನ್ನು ಎರಡೆರಡಾಗಿ ಜೋಡಿಸಿ ದಾರ ಬಿಗಿದಳು. ಮಿನೋರ್ ಚಾಚಿದ ಕೈಗೆ ಕೊಡದೆ ತಾನೇ ಬುಟ್ಟಿಗೆ ಹಾಕಿಕೊಂಡು, ಏಪ್ರನ್ ಬಿಚ್ಚುವುದನ್ನೂ ಮರೆತು ಬೀದಿಗಿಳಿದಳು.

ಅವರಿಬ್ಬರೂ ಬಾಗಿಲಲ್ಲಿ ನಿಂತು ನೋಡಿದರು. ಇಗರ್ಜಿಯ ಮುಂದೆ ಎಂಥ ಅವಸರದಲ್ಲೂ ನಿಂತು ಶಿಲುಬೆಯ ಗುರುತು ಹಾಕಿಕೊಳ್ಳುವ ಹೆಂಗಸು, ಬುಟ್ಟಿಯನ್ನು ಎದೆಗವಚಿಕೊಂಡು, ಆ ಕಡೆ ತಿರುಗಿಯೂ ನೋಡದೆ ಪೂರ್ವಕ್ಕೆ ನಡೆಯುತ್ತಿದ್ದಳು.